ಬಿದ್ದ ಕಲ್ಲು ಎಲ್ಲಿತ್ತು? ಹಳೆಯ ಕಟ್ಟಡಗಳ ತ್ರೀಡಿ ದಾಖಲೆ ನಡೆಯುವ ಬಗೆ

2024ರ ಮೇ ತಿಂಗಳಲ್ಲಿ ಸುರಿದ ಜೋರು ಮಳೆಗೆ ಹಂಪಿಯ ವಿರೂಪಾಕ್ಷ ದೇವಾಲಯದ ಮುಂದಿನ ರಥಬೀದಿಯಲ್ಲಿ ಸಾಲುಮಂಟಪದ ಒಂದು ಭಾಗ ಕುಸಿಯಿತು. ಇಂಥ ಸುದ್ದಿ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ಈಗೆಲ್ಲ ತ್ರೀಡಿ ಸ್ಕ್ಯಾನ್ ಇದೆಯಲ್ಲ, ಮೊದಲಿದ್ದಂತೆಯೇ ಕಟ್ಟಿಬಿಡಬಹುದು ಬಿಡಿ.

ಕಟ್ಟಬಹುದೇ? ಅದು ಸ್ಕ್ಯಾನ್‌ನಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ. ಕುಸಿದ ಮಂಟಪವನ್ನು ಎತ್ತಿ ನಿಲ್ಲಿಸಲು ಹೊರಟವರಿಗೆ ಮೊದಲು ಬೇಕಾಗುವುದು ಲೆಕ್ಕ. ಯಾವ ತೊಲೆ ಯಾವ ಕಂಬದ ಮೇಲಿತ್ತು, ಎಷ್ಟು ಒಳಗೆ ಕೂತಿತ್ತು, ಯಾವ ಮುಖ ಹೊರಗಿತ್ತು, ಬೀಳುವ ಮೊದಲೇ ಎಷ್ಟು ವಾಲಿತ್ತು. ತ್ರೀಡಿ ಎಂಬ ಒಂದೇ ಹೆಸರಿನಲ್ಲಿ ಇಂದು ಎರಡು ಬೇರೆ ಸಂಗತಿಗಳು ಓಡಾಡುತ್ತಿವೆ. ಒಂದು, ಕಟ್ಟಡವನ್ನು ಇಂಚಿಂಚೂ ಅಳೆದು ಮಾಡಿದ ದಾಖಲೆ. ಇನ್ನೊಂದು, ಕಟ್ಟಡ ಹಿಂದೆ ಹೀಗಿದ್ದಿರಬಹುದು ಎಂದು ಕಣ್ಣಿಗೆ ಕಟ್ಟುವಂತೆ ಮಾಡಿದ ಚಿತ್ರ. ಪರದೆಯ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಬಿದ್ದ ಕಲ್ಲಿಗೆ ಅದರ ಜಾಗ ಹುಡುಕಿಕೊಡುವುದು ಮೊದಲನೆಯದು ಮಾತ್ರ. ಈ ಎರಡನ್ನೂ ಬೇರ್ಪಡಿಸಿ ನೋಡಬೇಕಾದರೆ ಅಳತೆ ಹೇಗೆ ನಡೆಯುತ್ತದೆ ಎಂಬಲ್ಲಿಂದಲೇ ಶುರುಮಾಡಬೇಕು.

ಟೇಪು, ತೂಗುಗುಂಡು, ಕ್ಯಾಮೆರಾ

ಹಳೆಯ ಕಟ್ಟಡವನ್ನು ದಾಖಲಿಸುವುದೆಂದರೆ ಬಹುಕಾಲ ಮೂರು ಬಗೆಯ ನಕ್ಷೆ ಬರೆಯುವುದು ಎಂದೇ ಅರ್ಥವಿತ್ತು. ಮೇಲಿನಿಂದ ನೋಡಿದಂತೆ ತಳವಿನ್ಯಾಸ, ಮುಂದೆ ನಿಂತು ನೋಡಿದಂತೆ ಎದುರುನೋಟ, ಕಟ್ಟಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಾಣುವಂತೆ ಸೀಳುನೋಟ. ಇಬ್ಬರು ಟೇಪು ಹಿಡಿಯಬೇಕು, ಒಬ್ಬರು ಬರೆದುಕೊಳ್ಳಬೇಕು, ಗೋಡೆ ನೆಟ್ಟಗಿದೆಯೇ ಎಂದು ನೋಡಲು ತೂಗುಗುಂಡು ಬಿಡಬೇಕು. ಈ ವಿಧಾನವನ್ನು ಹಗುರವಾಗಿ ಕಾಣುವಂತಿಲ್ಲ. ಕೈಯಿಂದ ಅಳೆಯುವವರು ಪ್ರತಿ ಕಲ್ಲನ್ನೂ ಮುಟ್ಟಿ ನೋಡುತ್ತಾರೆ, ಯಂತ್ರಕ್ಕೆ ಕಾಣದ ಜೋಡಣೆಯೊಂದು ಅವರ ಕಣ್ಣಿಗೆ ಬೀಳುತ್ತದೆ. ತೊಂದರೆ ಇರುವುದು ಬೇರೆ ಕಡೆ. ಕಾಗದದ ಮೇಲೆ ಗೆರೆ ಎಳೆಯುವಾಗ ಕೈ ತಾನಾಗಿ ಎಲ್ಲವನ್ನೂ ನೇರ ಮಾಡಿಬಿಡುತ್ತದೆ. ಐನೂರು ವರ್ಷ ಮಳೆ ಬಿಸಿಲು ಕಂಡ ಮಂಟಪದಲ್ಲಿ ಪೂರ್ತಿ ನೇರವಾದ ಗೆರೆ ಒಂದೂ ಇರುವುದಿಲ್ಲ. ಎಂಜಿನಿಯರಿಗೆ ಬೇಕಾಗಿರುವುದು ಆ ಸೊಟ್ಟೇ.

ಹಂಪಿಯ ಮಟ್ಟಿಗೆ ಈ ಕೆಲಸ ಎರಡು ಶತಮಾನದಷ್ಟು ಹಳೆಯದು. 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಭೂಮಾಪಕ ಕಾಲಿನ್ ಮೆಕೆಂಜಿ ಅಲ್ಲಿನ ಅವಶೇಷಗಳ ನಕ್ಷೆ ಮಾಡಿದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ದೊಡ್ಡ ಕ್ಯಾಮೆರಾ ಹೊತ್ತುಕೊಂಡು ಹೋಗಿ, ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಚಿತ್ರ ತೆಗೆದ. ಅವನ ಒಂದು ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು 50 ರೂಪಾಯಿ ನೋಟಿನ ಹಿಂಬದಿಯಲ್ಲಿ ನಾವು ನೋಡುವ ರಥಕ್ಕೆ ಆ ಶಿಖರವಿಲ್ಲ. ಅದನ್ನು ಮುಂದೆ ಯಾವಾಗಲೋ ತೆಗೆಯಲಾಯಿತು. ಆ ಫೋಟೊ ಇರದಿದ್ದರೆ ರಥಕ್ಕೊಂದು ಶಿಖರವಿತ್ತೆಂದು ನಂಬಿಸುವುದೇ ಕಷ್ಟವಿತ್ತು. 1980ರಿಂದ ಎರಡು ದಶಕ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ಅವರ ತಂಡ ಹಂಪಿಯ ಅವಶೇಷಗಳನ್ನು ಗುರುತಿಸಿ ನಕ್ಷೆ ಮಾಡಿತು. ಇವತ್ತಿನ ಡಿಜಿಟಲ್ ಕೆಲಸ ಇಂಥ ಬುನಾದಿಯ ಮೇಲೆ ನಿಂತಿದೆ.

ಆದರೆ ಒಂದು ಫೋಟೊದಿಂದ ಆ ಶಿಖರ ಇತ್ತೆಂದು ಗೊತ್ತಾಗುತ್ತದೆಯೇ ಹೊರತು ಅದರ ಎತ್ತರ ಇಷ್ಟೇ ಎಂದು ನೇರವಾಗಿ ಓದಲು ಬರುವುದಿಲ್ಲ. ಫೋಟೊದಿಂದ ಅಳತೆ ತೆಗೆಯುವ ವಿದ್ಯೆ ಹುಟ್ಟಿದ್ದು ಜರ್ಮನಿಯಲ್ಲಿ. 1858ರಲ್ಲಿ ಆಲ್ಬ್ರೆಕ್ಟ್ ಮೈಡೆನ್‌ಬಾವರ್ ಎಂಬ ತರುಣ ವೆಟ್ಸ್‌ಲಾರ್ ಊರಿನ ಚರ್ಚನ್ನು ಅಳೆಯುತ್ತಿದ್ದಾಗ ಎತ್ತರದಿಂದ ಬೀಳುವುದರಲ್ಲಿದ್ದ, ಸ್ವಲ್ಪದರಲ್ಲಿ ಉಳಿದುಕೊಂಡ. ಹತ್ತಿ ಅಳೆಯುವ ಬದಲು ಕೆಳಗೇ ನಿಂತು ಫೋಟೊ ತೆಗೆದು, ಅದರಿಂದ ಅಳತೆ ಲೆಕ್ಕ ಹಾಕಿದರೇನು ಎಂಬ ಯೋಚನೆ ಅವನಿಗೆ ಹೊಳೆದದ್ದು ಹಾಗೆ. 1885ರಲ್ಲಿ ಬರ್ಲಿನ್ನಿನಲ್ಲಿ ಇದಕ್ಕೆಂದೇ ಸರ್ಕಾರಿ ಸಂಸ್ಥೆಯೊಂದು ಶುರುವಾಯಿತು. ಅಲ್ಲಿ ಸಂಗ್ರಹವಾದ ಸಾವಿರಾರು ಗಾಜಿನ ನೆಗೆಟಿವ್‌ಗಳಲ್ಲಿ ಕೆಲವು, ಎರಡನೇ ಮಹಾಯುದ್ಧದಲ್ಲಿ ನೆಲಸಮವಾದ ಕಟ್ಟಡಗಳನ್ನು ಮತ್ತೆ ಕಟ್ಟುವಾಗ ನೆರವಿಗೆ ಬಂದವು.

ಬೆಳಕು ಹೋಗಿ ಬರುವ ಹೊತ್ತು

ಈಗ ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಕೂತು ಗಿರ್ರನೆ ತಿರುಗುವ ಪೆಟ್ಟಿಗೆಯನ್ನು ನೀವು ಯಾವುದಾದರೂ ಸ್ಮಾರಕದ ಬಳಿ ಕಂಡಿರಬಹುದು. ಅದು ಲೇಸರ್ ಸ್ಕ್ಯಾನರ್. ಅದರ ಕೆಲಸ ಸರಳ: ಬೆಳಕಿನ ಒಂದು ಮಿಣುಕು ಬಿಡುತ್ತದೆ, ಅದು ಗೋಡೆಗೆ ತಾಗಿ ಹಿಂದಿರುಗಲು ಹಿಡಿದ ಹೊತ್ತನ್ನು ಅಳೆಯುತ್ತದೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಎಂದು ಗೊತ್ತಿರುವುದರಿಂದ ಹೊತ್ತು ಸಿಕ್ಕರೆ ದೂರ ಸಿಕ್ಕಿತು. ಯಾವ ದಿಕ್ಕಿಗೆ, ಎಷ್ಟು ಓರೆಯಾಗಿ ಮಿಣುಕು ಬಿಟ್ಟೆ ಎಂಬುದು ಯಂತ್ರಕ್ಕೆ ಗೊತ್ತೇ ಇರುತ್ತದೆ. ದಿಕ್ಕು ಮತ್ತು ದೂರ ಸೇರಿದರೆ ಗೋಡೆಯ ಮೇಲಿನ ಆ ಒಂದು ಚುಕ್ಕಿಯ ಜಾಗ ನಿಖರವಾಗಿ ತಿಳಿಯುತ್ತದೆ.

ಕೇಳಲು ಸುಲಭ, ಎಣಿಸಿ ನೋಡಿದರೆ ಬೆರಗಾಗುತ್ತದೆ. ಹತ್ತು ಮೀಟರ್ ದೂರದ ಕಂಬಕ್ಕೆ ಬೆಳಕು ಹೋಗಿ ಬರಲು ಹಿಡಿಯುವುದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಸುಮಾರು 67 ಪಾಲು. ಒಂದು ಮಿಲಿಮೀಟರ್ ಹೆಚ್ಚುಕಡಿಮೆಯನ್ನು ಹಿಡಿಯಬೇಕಾದರೆ ಸೆಕೆಂಡಿನ ಲಕ್ಷ ಕೋಟಿ ಪಾಲುಗಳಲ್ಲಿ ಏಳರಷ್ಟು ವ್ಯತ್ಯಾಸವನ್ನು ಗುರುತಿಸಬೇಕು. ಹೀಗಾಗಿ ಕೆಲವು ಯಂತ್ರಗಳು ಹೊತ್ತನ್ನು ನೇರವಾಗಿ ಅಳೆಯುವ ಗೊಡವೆಗೆ ಹೋಗುವುದಿಲ್ಲ. ನಿಲ್ಲದೆ ಹರಿಯುವ ಬೆಳಕಿನಲ್ಲಿ ಏರಿಳಿತ ಮೂಡಿಸಿ, ಹೋದ ಅಲೆಗೂ ಮರಳಿದ ಅಲೆಗೂ ಎಷ್ಟು ಹಿಂದುಮುಂದಾಗಿದೆ ಎಂದು ನೋಡಿ ದೂರ ಕಂಡುಕೊಳ್ಳುತ್ತವೆ. ಯಾವ ಬಗೆಯದಾದರೂ ಸೆಕೆಂಡಿಗೆ ಸಾವಿರಗಟ್ಟಲೆಯಿಂದ ಲಕ್ಷಗಟ್ಟಲೆ ಚುಕ್ಕಿ ಅಳೆಯುತ್ತವೆ. ಕತ್ತಲ ಗರ್ಭಗುಡಿಯಲ್ಲೂ ಕೆಲಸ ನಡೆಯುತ್ತದೆ, ಏಕೆಂದರೆ ಬೆಳಕು ಯಂತ್ರದ್ದೇ.

ಲೇಸರ್‌ಗೆ ಎದುರಿಗೆ ಇರುವುದಷ್ಟೇ ಕಾಣುತ್ತದೆ. ಕಂಬದ ಹಿಂದೇನಿದೆಯೋ ಅದಕ್ಕೆ ತಿಳಿಯದು. ಆದ್ದರಿಂದ ಯಂತ್ರವನ್ನು ಹತ್ತಾರು ಕಡೆ ಇಟ್ಟು ಸ್ಕ್ಯಾನ್ ಮಾಡಿ, ಆಮೇಲೆ ಎಲ್ಲವನ್ನೂ ಒಂದಕ್ಕೊಂದು ಕೂಡಿಸಬೇಕು. ಎರಡು ಸ್ಕ್ಯಾನ್‌ಗಳಿಗೂ ಸಾಮಾನ್ಯವಾಗಿರುವ ಗುರುತುಗಳು, ಅಂದರೆ ಗೋಡೆಗೆ ಅಂಟಿಸಿದ ಕಪ್ಪುಬಿಳುಪು ಚೌಕದ ಹಾಳೆ ಅಥವಾ ಅಲ್ಲಲ್ಲಿ ಇಟ್ಟ ಬಿಳಿ ಗೋಳಗಳು, ಈ ಜೋಡಣೆಗೆ ಆಧಾರ. ಬಹಳಷ್ಟು ತಪ್ಪುಗಳು ನುಸುಳುವುದು ಇಲ್ಲೇ. ಒಂದೊಂದು ಸ್ಕ್ಯಾನೂ ಸರಿಯಾಗಿದ್ದು ಕೂಡಿಸುವಾಗ ಕೂದಲೆಳೆಯಷ್ಟು ತಿರುಗಿದರೆ, ಉದ್ದನೆಯ ಸಾಲುಮಂಟಪದ ಕೊನೆ ತಲುಪುವ ಹೊತ್ತಿಗೆ ಅದು ಬೆರಳಗಲದ ತಪ್ಪಾಗಿರುತ್ತದೆ. ಕಲ್ಲಿನ ಗುಣವೂ ಲೆಕ್ಕಕ್ಕೆ ಬರುತ್ತದೆ. ಬೇಲೂರು, ಹಳೇಬೀಡಿನಲ್ಲಿ ತಿರುಗಣಿಗೆ ಹಾಕಿ ಕಡೆದಂತಿರುವ ಬಳಪದ ಕಲ್ಲಿನ ನುಣುಪು ಕಂಬಗಳು ಕಪ್ಪಗೆ ಮಿರುಗುತ್ತವೆ. ಅಂಥ ಮೈ ಬೆಳಕನ್ನು ಅತ್ತಿತ್ತ ಚೆಲ್ಲಿಬಿಡುವುದರಿಂದ ಚುಕ್ಕಿಗಳು ಚದುರಿ ಬೀಳುತ್ತವೆ. ಒರಟು ಕಣಶಿಲೆಯ ಹಂಪಿ ಆ ಮಟ್ಟಿಗೆ ಸುಲಭ.

ಫೋಟೊಗಳಿಂದ ಆಕಾರ

ಎರಡನೆಯ ವಿಧಾನ ಮೈಡೆನ್‌ಬಾವರ್‌ನ ದಾರಿಯದು, ಅದರ ಇಂಗ್ಲಿಷ್ ಹೆಸರು ಫೋಟೊಗ್ರಾಮೆಟ್ರಿ. ತೋಳು ಚಾಚಿ ಹೆಬ್ಬೆರಳು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದನ್ನು ಮುಚ್ಚಿ ನೋಡಿ. ಹೆಬ್ಬೆರಳು ಪಕ್ಕಕ್ಕೆ ಜಿಗಿದಂತೆ ಕಾಣುತ್ತದೆ. ಹತ್ತಿರವಿದ್ದದ್ದು ಹೆಚ್ಚು ಜಿಗಿಯುತ್ತದೆ, ದೂರವಿದ್ದದ್ದು ಕಡಿಮೆ. ಈ ಜಿಗಿತವನ್ನು ಅಳೆದರೆ ದೂರ ಗೊತ್ತಾಗುತ್ತದೆ. ಎರಡು ಕಣ್ಣುಗಳ ಜಾಗದಲ್ಲಿ ಕ್ಯಾಮೆರಾವನ್ನು ಹೆಜ್ಜೆ ಹೆಜ್ಜೆಗೂ ಸರಿಸಿ ತೆಗೆದ ನೂರಾರು ಫೋಟೊಗಳನ್ನು ಇಟ್ಟುಕೊಳ್ಳಿ. ಸಾಫ್ಟ್‌ವೇರ್ ಮಾಡುವುದು ಇಷ್ಟನ್ನೇ. ಒಂದು ಫೋಟೊದಲ್ಲಿ ಕಂಡ ಕಲ್ಲಿನ ಕಲೆ, ಬಿರುಕು, ಮೂಲೆಗಳನ್ನು ಮತ್ತೊಂದರಲ್ಲಿ ಹುಡುಕುತ್ತದೆ, ಕ್ಯಾಮೆರಾ ಎಲ್ಲೆಲ್ಲಿ ನಿಂತಿತ್ತು ಎಂದು ಹಿಂದಿನಿಂದ ಲೆಕ್ಕ ಹಾಕುತ್ತದೆ, ನಂತರ ಪ್ರತಿ ಚುಕ್ಕಿಯ ಜಾಗ ಕಂಡುಹಿಡಿಯುತ್ತದೆ.

ಇದಕ್ಕೆ ಬೇಕಾದ್ದು ಫೋಟೊಗಳ ನಡುವೆ ಧಾರಾಳವಾದ ಅತಿಕ್ರಮಣ, ಅಂದರೆ ಒಂದು ಫೋಟೊದ ಅರ್ಧಕ್ಕಿಂತ ಹೆಚ್ಚು ಭಾಗ ಮುಂದಿನದರಲ್ಲೂ ಇರಬೇಕು. ಮೋಡ ಕವಿದ ದಿನ ಇದಕ್ಕೆ ಒಳ್ಳೆಯದು. ಬಿಸಿಲಿದ್ದರೆ ನೆರಳು ಸರಿಯುತ್ತ ಹೋಗಿ ಲೆಕ್ಕ ಕೆಡಿಸುತ್ತದೆ. ಒಂದೇ ಅಚ್ಚಿನ ಕಂಬಗಳು ಸಾಲಾಗಿ ನಿಂತ ಸೋಮನಾಥಪುರದ ಕೈಸಾಲೆಯಂಥ ಜಾಗದಲ್ಲಿ ಸಾಫ್ಟ್‌ವೇರ್ ಮೂರನೆಯ ಕಂಬವನ್ನು ನಾಲ್ಕನೆಯದೆಂದು ತಿಳಿದು ಗೊಂದಲಕ್ಕೆ ಬೀಳುವುದುಂಟು. ಎಲ್ಲಕ್ಕಿಂತ ಮುಖ್ಯವಾಗಿ, ಫೋಟೊಗಳಿಂದ ಆಕಾರ ಸಿಗುತ್ತದೆ, ಗಾತ್ರ ಸಿಗುವುದಿಲ್ಲ. ಎರಡು ಅಡಿಯ ಗೊಂಬೆ ಮಂಟಪವೂ ಇಪ್ಪತ್ತು ಅಡಿಯ ನಿಜ ಮಂಟಪವೂ ಕ್ಯಾಮೆರಾಕ್ಕೆ ಒಂದೇ. ಚೌಕಟ್ಟಿನೊಳಗೆ ಎಲ್ಲಾದರೂ ಗೊತ್ತಿರುವ ಅಳತೆಯ ಪಟ್ಟಿ ಇಡಲೇಬೇಕು.

ಯಾವ ಫೋಟೊ ಎಂಬುದೂ ಎಷ್ಟು ಮುಖ್ಯ ಎಂಬುದಕ್ಕೆ ಅಫ್ಘಾನಿಸ್ತಾನದ ಬಾಮಿಯಾನ್ ಸಾಕ್ಷಿ. ಅಲ್ಲಿನ ಬಂಡೆಯಲ್ಲಿ ಕೊರೆದಿದ್ದ ಬೃಹತ್ ಬುದ್ಧ ವಿಗ್ರಹಗಳನ್ನು 2001ರ ಮಾರ್ಚ್‌ನಲ್ಲಿ ತಾಲಿಬಾನ್ ಸಿಡಿಸಿತು. ಆಮೇಲೆ ಜ್ಯೂರಿಕ್‌ನ ತಂಡವೊಂದು ದೊಡ್ಡ ಬುದ್ಧನ ಕಂಪ್ಯೂಟರ್ ಮಾದರಿ ಮಾಡಿತು. ಅಂತರ್ಜಾಲದಲ್ಲಿ ಸಿಕ್ಕ ಚಿತ್ರಗಳು, ಪ್ರವಾಸಿಗರೊಬ್ಬರು ತೆಗೆದ ಚಿತ್ರಗಳು, 1970ರಲ್ಲಿ ಅಳತೆಗೆಂದೇ ತೆಗೆದಿದ್ದ ಚಿತ್ರಗಳು, ಮೂರನ್ನೂ ಬೇರೆ ಬೇರೆಯಾಗಿ ಬಳಸಿ ನೋಡಿದರು. ಒಟ್ಟಾರೆ ಆಕಾರ ಎಲ್ಲದರಿಂದಲೂ ಬಂತು. ಮೈಮೇಲಿನ ವಸ್ತ್ರದ ನೆರಿಗೆಗಳನ್ನು ನಂಬುವಂತೆ ತೆಗೆಯಲು ಆದದ್ದು 1970ರ ಚಿತ್ರಗಳಿಂದ ಮಾತ್ರ.

ಗೋಪುರ, ಶಿಖರದ ತುದಿಗಳಿಗೆ ಕೆಳಗಿನ ಕ್ಯಾಮೆರಾ ಎಟುಕುವುದಿಲ್ಲ, ಅದಕ್ಕೆ ಡ್ರೋನ್. ಸಂರಕ್ಷಿತ ಸ್ಮಾರಕಗಳ ಬಳಿ ಅದನ್ನು ಹಾರಿಸಲು ಅನುಮತಿ ಬೇಕು. ದೊಡ್ಡ ಕೆಲಸಗಳಲ್ಲಿ ಲೇಸರ್‌ನ ಅಳತೆಯೂ ಫೋಟೊದ ಬಣ್ಣ ಮತ್ತು ವಿವರವೂ ಒಟ್ಟಿಗೆ ಬೇಕಾಗುವುದರಿಂದ ಎರಡನ್ನೂ ಕೂಡಿಸಿಯೇ ಬಳಸುತ್ತಾರೆ.

ಚುಕ್ಕಿ, ಗೆರೆ, ಬಣ್ಣ

ಯಾವ ದಾರಿಯಲ್ಲಿ ಹೋದರೂ ಮೊದಲು ಕೈಗೆ ಸಿಗುವುದು ಚುಕ್ಕಿಗಳ ರಾಶಿ. ಇದನ್ನು ಪಾಯಿಂಟ್ ಕ್ಲೌಡ್ ಎನ್ನುತ್ತಾರೆ. ಮುಂದಿನದು ಅಂಗಳದ ಚುಕ್ಕಿ ರಂಗೋಲಿ ಹಾಕಿದಂತೆಯೇ: ಮೊದಲು ಚುಕ್ಕಿ, ಆಮೇಲೆ ಚುಕ್ಕಿಯಿಂದ ಚುಕ್ಕಿಗೆ ಗೆರೆ, ಕೊನೆಗೆ ಮನೆಗಳೊಳಗೆ ಬಣ್ಣ. ಅಕ್ಕಪಕ್ಕದ ಮೂರು ಮೂರು ಚುಕ್ಕಿಗಳನ್ನು ಗೆರೆಯಿಂದ ಜೋಡಿಸಿದರೆ ಲಕ್ಷಾಂತರ ಪುಟ್ಟ ತ್ರಿಕೋನಗಳ ಬಲೆಯಾಗುತ್ತದೆ, ಅದು ಮೆಶ್. ಅದರ ಮೇಲೆ ಫೋಟೊದ ಬಣ್ಣ ಹೊದಿಸಿದರೆ ಟೆಕ್ಸ್ಚರ್. ಸುದ್ದಿವಾಹಿನಿಯಲ್ಲಿ ನಾವು ನೋಡುವುದು ಈ ಕೊನೆಯ ಹಂತವನ್ನು. ಅಳತೆ ಇರುವುದು ಮೊದಲ ಹಂತದಲ್ಲಿ. ಚುಕ್ಕಿಗಳ ನಡುವಿನ ಜಾಗವನ್ನು ತುಂಬುವಾಗ ಸಾಫ್ಟ್‌ವೇರ್ ಊಹೆ ಮಾಡುತ್ತದೆ. ಚುಕ್ಕಿ ಸಾಲದಿದ್ದ ಕಡೆ ಚೂಪಾದ ಅಂಚನ್ನು ಮೊಂಡಾಗಿಸಿ, ಖಾಲಿಯನ್ನು ನುಣ್ಣಗೆ ಮುಚ್ಚಿಬಿಡುತ್ತದೆ. ಬಣ್ಣ ಹೊದಿಸಿದ ಮೇಲೆ ಆ ತೇಪೆ ಕಣ್ಣಿಗೆ ಬೀಳುವುದೇ ಇಲ್ಲ.

ಚುಕ್ಕಿಗಳಿಂದ ಇನ್ನೂ ಕೆಲವು ಉಪಯೋಗಕ್ಕೆ ಬರುವ ವಸ್ತುಗಳು ಹುಟ್ಟುತ್ತವೆ. ದೃಷ್ಟಿಯ ಓರೆಕೋರೆ ತೆಗೆದುಹಾಕಿ, ಸ್ಕೇಲಿಟ್ಟು ನೇರವಾಗಿ ಅಳೆಯಬಹುದಾದಂತೆ ಮಾಡಿದ ಗೋಡೆಯ ಚಿತ್ರ ಒಂದು. ದುರಸ್ತಿ ಮಾಡುವವರು ಅದರ ಮೇಲೆ ಬಿರುಕು, ಉಪ್ಪು ಹೂತ ಜಾಗ, ಸಡಿಲವಾದ ಕಲ್ಲು ಎಲ್ಲವನ್ನೂ ಗುರುತು ಹಾಕಿಕೊಳ್ಳುತ್ತಾರೆ. ಮತ್ತೊಂದು ಹೋಲಿಕೆಯ ಚಿತ್ರ. ಒಂದೇ ಗೋಡೆಯನ್ನು ಕೆಲವು ವರ್ಷ ಬಿಟ್ಟು ಎರಡು ಸಲ ಸ್ಕ್ಯಾನ್ ಮಾಡಿ, ಒಂದರ ಮೇಲೊಂದು ಇಟ್ಟು, ಸರಿದ ಭಾಗವನ್ನು ಬಣ್ಣದಲ್ಲಿ ತೋರಿಸುತ್ತಾರೆ. ಕಣ್ಣಿಗೆ ಕಾಣದ ವಾಲು ಅದರಲ್ಲಿ ಎದ್ದು ಕಾಣುತ್ತದೆ. ನನಗೆ ಕೇಳಿದರೆ ಇಡೀ ತಂತ್ರಜ್ಞಾನದಲ್ಲಿ ಅತಿ ಹೆಚ್ಚು ಉಪಯೋಗದ, ಅತಿ ಕಡಿಮೆ ಪ್ರಚಾರದ ಭಾಗ ಇದೇ.

ಹೊಸ ಕಟ್ಟಡ ಕಟ್ಟುವವರಲ್ಲಿ ಬಿಮ್ ಎಂಬ ಪದ್ಧತಿ ಬಳಕೆಯಲ್ಲಿದೆ. ಅದರಲ್ಲಿ ಕಂಬವೆಂದರೆ ಬರೀ ಆಕಾರವಲ್ಲ, ಅದು ಕಂಬ ಎಂಬುದು ಕಂಪ್ಯೂಟರಿಗೆ ಗೊತ್ತಿರುತ್ತದೆ; ಯಾವ ಸಾಮಗ್ರಿ, ಯಾವಾಗ ಹಾಕಿದ್ದು ಎಂಬ ಮಾಹಿತಿಯೂ ಅದಕ್ಕೆ ಅಂಟಿಕೊಂಡಿರುತ್ತದೆ. ಇದನ್ನು ಹಳೆಯ ಕಟ್ಟಡಗಳಿಗೆ ಒಗ್ಗಿಸಿ ಹೆಚ್-ಬಿಮ್ ಎಂದು ಕರೆದವರು ಡಬ್ಲಿನ್‌ನ ಸಂಶೋಧಕರು, 2009ರಲ್ಲಿ. ಒಗ್ಗಿಸುವುದು ಹೇಳಿದಷ್ಟು ಸುಲಭವಲ್ಲ. ಹೊಸ ಕಟ್ಟಡದಲ್ಲಿ ಒಂದು ಕಿಟಕಿ ಬರೆದರೆ ನಕಲು ಮಾಡಿ ನೂರು ಕಡೆ ಇಡಬಹುದು. ಹೊಯ್ಸಳರ ನಕ್ಷತ್ರಾಕಾರದ ಗುಡಿಯಲ್ಲಿ ಎರಡು ಕಲ್ಲು ಒಂದೇ ಅಳತೆಯದಿರುವುದು ಅಪರೂಪ. ವಾಲಿದ ಗೋಡೆಯನ್ನು ವಾಲಿದಂತೆಯೇ ಬರೆಯಬೇಕೋ, ನೇರವಾಗಿ ಬರೆದು ವಾಲನ್ನು ಟಿಪ್ಪಣಿಯಲ್ಲಿ ಹೇಳಬೇಕೋ ಎಂಬುದನ್ನು ಕೆಲಸಕ್ಕೆ ತಕ್ಕಂತೆ ಮನುಷ್ಯರೇ ತೀರ್ಮಾನಿಸಬೇಕು.

ನೋತ್ರ್ ದಾಮ್: ಸ್ಕ್ಯಾನ್ ಮಾಡಿದ್ದು, ಮಾಡಲಾಗದ್ದು

ಇದೆಲ್ಲ ಜಗತ್ತಿನ ಕಣ್ಣಿಗೆ ಬಿದ್ದದ್ದು 2019ರ ಏಪ್ರಿಲ್ 15ರ ಸಂಜೆ. ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನ ಚಾವಣಿಗೆ ಬೆಂಕಿ ಬಿತ್ತು. ಓಕ್ ಮರದ ನಡುಗಾಲದ ಚೌಕಟ್ಟು ಉರಿದುಹೋಯಿತು. 19ನೆಯ ಶತಮಾನದಲ್ಲಿ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ನಿಲ್ಲಿಸಿದ್ದ ಮೊನಚು ಶಿಖರ ಉರಿಯುತ್ತಲೇ ಮುರಿದು, ಕಲ್ಲಿನ ಒಳಚಾವಣಿಯನ್ನು ತೂತು ಮಾಡಿಕೊಂಡು ಬಿದ್ದಿತು.

ಅದೃಷ್ಟವೆಂದರೆ ಅದಕ್ಕೂ ಮೊದಲೇ ಆ ಕಟ್ಟಡವನ್ನು ಅಳೆದವರಿದ್ದರು. ಅಮೆರಿಕದ ವಾಸರ್ ಕಾಲೇಜಿನ ಕಲಾ ಇತಿಹಾಸಕಾರ ಆಂಡ್ರೂ ಟ್ಯಾಲನ್ 2010ರಲ್ಲಿ ಐವತ್ತಕ್ಕೂ ಹೆಚ್ಚು ಕಡೆ ಯಂತ್ರ ಇಟ್ಟು, ಒಳಗೂ ಹೊರಗೂ ಸೇರಿ ನೂರು ಕೋಟಿಗೂ ಮೀರಿ ಚುಕ್ಕಿಗಳನ್ನು ಸೆರೆಹಿಡಿದಿದ್ದರು. ಅವರಿಗೆ ಬೆಂಕಿಯ ಭಯವೇನೂ ಇರಲಿಲ್ಲ. ನಡುಗಾಲದ ಕುಶಲಕರ್ಮಿಗಳು ಇದನ್ನು ಹೇಗೆ ಕಟ್ಟಿದರು, ಎಲ್ಲಿ ತಪ್ಪಿದರು, ತಪ್ಪನ್ನು ಹೇಗೆ ಸರಿಪಡಿಸಿಕೊಂಡರು ಎಂಬುದು ಅವರ ಕುತೂಹಲವಾಗಿತ್ತು. ಪಶ್ಚಿಮ ತುದಿಯ ಕಂಬಗಳು ಒಂದೇ ಸಾಲಿನಲ್ಲಿಲ್ಲ ಎಂಬಂಥ ಸಂಗತಿಗಳು ಅವರ ಸ್ಕ್ಯಾನ್‌ನಿಂದ ಗೊತ್ತಾದವು. ಟ್ಯಾಲನ್ 2018ರ ನವೆಂಬರ್‌ನಲ್ಲಿ ತೀರಿಕೊಂಡರು, ಬೆಂಕಿ ಬೀಳುವ ಕೆಲವೇ ತಿಂಗಳು ಮುಂಚೆ. 2014ರಲ್ಲಿ ಇಬ್ಬರು ಫ್ರೆಂಚ್ ವಾಸ್ತುಶಿಲ್ಪಿಗಳು ಚಾವಣಿಯ ಮರದ ಚೌಕಟ್ಟನ್ನು ಅಳೆದು ನಕ್ಷೆ ಬರೆದಿದ್ದರು. ಫ್ರೆಂಚ್ ಕಂಪನಿಯೊಂದೂ ಚೌಕಟ್ಟಿನ ಲೇಸರ್ ಸ್ಕ್ಯಾನ್ ಮಾಡಿತ್ತು.

ಬೆಂಕಿಯ ನಂತರ ಮತ್ತೆ ಸ್ಕ್ಯಾನ್ ಮಾಡಿ, ಹಳೆಯ ಮತ್ತು ಹೊಸ ಚುಕ್ಕಿಗಳನ್ನು ಹೋಲಿಸಿ ನೋಡಿದರು. ಬಿದ್ದ ಕಲ್ಲು, ಸುಟ್ಟ ಮರದ ತುಂಡುಗಳನ್ನು ಕಸವೆಂದು ಎತ್ತಿ ಹಾಕದೆ ವಿಂಗಡಿಸಿ ಇಟ್ಟುಕೊಂಡರು. ಕಳಚಿ ಬಿದ್ದ ಒಂದು ಕಮಾನಿನ ಕಲ್ಲುಗಳನ್ನು ಒಂದೊಂದಾಗಿ ದಾಖಲಿಸಿ, ಯಾವುದು ಎಲ್ಲಿತ್ತು ಎಂದು ಕಂಪ್ಯೂಟರಿನೊಳಗೇ ಜೋಡಿಸಿ ನೋಡಿದರು. ಹಂಪಿಯಂಥ ಕಡೆ ಕುಸಿತವಾದಾಗ ಮೊದಲು ಬೇಕಾಗುವ ಎಚ್ಚರವೂ ಇದೇ: ಬಿದ್ದದ್ದು ಬಿದ್ದ ಜಾಗದಲ್ಲೇ ದಾಖಲಾಗುವ ಮುನ್ನ ಕಲ್ಲು ಎತ್ತಬಾರದು.

ಸ್ಕ್ಯಾನ್‌ಗೆ ಎಟುಕದ್ದೂ ಬಹಳವಿತ್ತು. ಕಲ್ಲಿನ ಒಳಗೇನಿದೆ, ಗಾರೆಗೆ ಏನು ಬೆರೆಸಿದ್ದರು, ಶಾಖದಿಂದ ಕಲ್ಲಿನ ಬಲ ಎಷ್ಟು ಕುಂದಿತು ಎಂಬುದು ಲೇಸರ್‌ಗೆ ತಿಳಿಯುವುದಿಲ್ಲ. ಅದಕ್ಕೆ ಪ್ರಯೋಗಾಲಯ ಬೇಕಾಯಿತು. ಹೊಸ ಓಕ್ ತೊಲೆಗಳನ್ನು ಬಡಗಿಗಳು ಕೊಡಲಿಯಿಂದಲೇ ಕೆತ್ತಿ ಹದ ಮಾಡಿದರು. ಅಳತೆ ಕಂಪ್ಯೂಟರಿನಲ್ಲಿತ್ತು, ಕೈಚಳಕ ಅವರಲ್ಲಿತ್ತು. 2024ರ ಡಿಸೆಂಬರ್‌ನಲ್ಲಿ ಚರ್ಚಿನ ಬಾಗಿಲು ಮತ್ತೆ ತೆರೆಯಿತು.

ಬೆಂಕಿಯ ಮರುದಿನದಿಂದಲೇ ಇನ್ನೊಂದು ಸುದ್ದಿ ಹಬ್ಬಿತ್ತು: 2014ರಲ್ಲಿ ಬಂದ ಜನಪ್ರಿಯ ವಿಡಿಯೊ ಗೇಮ್ ಒಂದರಲ್ಲಿ ನೋತ್ರ್ ದಾಮ್ ಯಥಾವತ್ತಾಗಿದೆ, ಅದನ್ನೇ ನೋಡಿ ಕಟ್ಟುತ್ತಾರೆ ಎಂದು. ಹಾಗಾಗಲಿಲ್ಲ. ಆ ಆಟ ನಡೆಯುವುದು ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, ಅದರಲ್ಲಿ ಕಾಣುವ ಶಿಖರ ಮಾತ್ರ ಅದಕ್ಕೂ ಹಲವು ದಶಕಗಳ ನಂತರ ಕಟ್ಟಿದ್ದು. ಆಟದವರ ತಪ್ಪೇನೂ ಇಲ್ಲ. ಪ್ಯಾರಿಸ್ ಎಂದರೆ ಜನರ ಕಣ್ಮುಂದೆ ಬರುವ ಶಿಖರವನ್ನು ಅವರು ಇಟ್ಟರು. ಕಲ್ಲು ಕೂರಿಸುವವನಿಗೆ ಆ ಮಾದರಿ ಪ್ರಯೋಜನವಿಲ್ಲ.

ಅಳೆದದ್ದು, ಊಹಿಸಿದ್ದು, ಕಲ್ಪಿಸಿದ್ದು

ಇದನ್ನೇ ಹಂಪಿಯ ಮಹಾನವಮಿ ದಿಬ್ಬಕ್ಕೆ ಅನ್ವಯಿಸಿ ನೋಡಿ. ಕಲ್ಲಿನ ಜಗತಿ ಇಂದಿಗೂ ನಿಂತಿದೆ, ಅದನ್ನು ಅಳೆಯಬಹುದು. ಅದರ ಮೇಲೆ ಮರದ ಮಂಟಪವಿತ್ತು ಎಂಬುದಕ್ಕೆ ಮೇಲ್ಭಾಗದಲ್ಲಿ ಕಂಬ ನಿಲ್ಲಿಸಿದ ಗುರುತುಗಳೂ, 16ನೆಯ ಶತಮಾನದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್‌ನಂಥವರ ಬರಹಗಳೂ ಆಧಾರ. ಕಂಬಗಳು ಎಲ್ಲಿದ್ದವು ಎಂಬುದು ಹೀಗೆ ಆಧಾರವಿರುವ ಊಹೆ. ಚಾವಣಿ ಎಷ್ಟು ಎತ್ತರ, ಯಾವ ಬಣ್ಣ, ತೆರೆಗಳ ಮೇಲೆ ಯಾವ ಚಿತ್ತಾರ ಎಂದು ಹೊರಟರೆ ಕಲಾವಿದನ ಕಲ್ಪನೆ. ಒಂದೇ ವಿಡಿಯೊದಲ್ಲಿ ಈ ಮೂರೂ ಒಂದೇ ಹೊಳಪಿನಲ್ಲಿ ಕಂಡರೆ ನೋಡುಗರಿಗೆ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ.

ಈ ತೊಡಕು ತಜ್ಞರಿಗೆ ಗೊತ್ತಿಲ್ಲದ್ದಲ್ಲ. 2006ರಲ್ಲಿ ರೂಪುಗೊಂಡ ಲಂಡನ್ ಚಾರ್ಟರ್ ಎಂಬ ನಿಯಮಾವಳಿ ಹೇಳುವುದು ಇದನ್ನೇ: ಪರಂಪರೆಯ ಕಂಪ್ಯೂಟರ್ ಚಿತ್ರಣ ಮಾಡುವವರು ಯಾವುದಕ್ಕೆ ಯಾವ ಆಧಾರ, ಎಲ್ಲಿ ಊಹೆ ಎಂಬುದನ್ನು ಬರೆದಿಡಬೇಕು. ಕೆಲವರು ಖಚಿತವಾದ ಭಾಗವನ್ನು ಗಾಢವಾಗಿ, ಊಹೆಯನ್ನು ಪಾರದರ್ಶಕವಾಗಿ ತೋರಿಸುತ್ತಾರೆ. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಡಿಜಿಟಲ್ ಪರಂಪರೆ ಯೋಜನೆ ಹಂಪಿಯನ್ನೇ ಪ್ರಯೋಗದ ನೆಲವಾಗಿ ಆರಿಸಿಕೊಂಡಾಗ, ಐಐಟಿಗಳ ಜೊತೆ ಇತಿಹಾಸ, ವಿನ್ಯಾಸ ಬಲ್ಲವರನ್ನೂ ಸೇರಿಸಿಕೊಂಡಿತ್ತು. ಎಂಜಿನಿಯರು ಚುಕ್ಕಿ ಕೊಡಬಲ್ಲ. ಆ ಚುಕ್ಕಿಗಳ ಅರ್ಥ ಹೇಳಲು ಬೇರೆಯವರು ಬೇಕು.

2023ರಿಂದ ಗಾಸಿಯನ್ ಸ್ಪ್ಲ್ಯಾಟಿಂಗ್ ಎಂಬ ಹೊಸ ವಿಧಾನ ಜನಪ್ರಿಯವಾಗಿದೆ. ಫೋಟೊಗಳಿಂದ ಹೊರಟು, ಸುತ್ತ ನಡೆದಾಡಿದಂತೆ ಅನಿಸುವ ದೃಶ್ಯ ಕಟ್ಟಿಕೊಡುತ್ತದೆ. ನೀರು, ಎಲೆ, ಮಿರುಗುವ ಕಲ್ಲು ಎಲ್ಲ ಇದರಲ್ಲಿ ಸೊಗಸು. ಆದರೆ ಇದರ ಗುರಿ ನೋಟ, ಮೇಲ್ಮೈ ಅಲ್ಲ. ಅಳತೆಯ ದಾಖಲೆಗೆ ಅದೊಂದನ್ನೇ ನೆಚ್ಚಿಕೊಳ್ಳಲು ಬರುವುದಿಲ್ಲ.

ಬೆಂಗಳೂರಿನ ಶಾಸನಕಲ್ಲುಗಳು

ದೊಡ್ಡ ದೇವಾಲಯಗಳ ಮಾತಾಯಿತು. ಕನ್ನಡದ ಮಟ್ಟಿಗೆ ಈ ತಂತ್ರಜ್ಞಾನ ಚೊಕ್ಕವಾಗಿ ಕೂತಿರುವುದು ಶಾಸನಗಳ ಕೆಲಸದಲ್ಲಿ. ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಮಾಲೆಯ ಬೆಂಗಳೂರು ಸಂಪುಟ ಪ್ರಕಟಿಸಿದಾಗ ಹಳ್ಳಿಯ ಹೊಲ, ಕೆರೆ ಏರಿಗಳಲ್ಲಿ ನಿಂತಿದ್ದ ಕಲ್ಲುಗಳ ಸುತ್ತ ಈಗ ಬಡಾವಣೆ, ಮೇಲ್ಸೇತುವೆಗಳಿವೆ. ಎಷ್ಟೋ ಕಲ್ಲುಗಳು ಕಾಣೆಯಾಗಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಉಳಿದ ಶಾಸನಗಳನ್ನು ಹುಡುಕಿ ತ್ರೀಡಿ ಸ್ಕ್ಯಾನ್ ಮಾಡುವ ಕೆಲಸ ಕೈಗೊಂಡಿದೆ. ಸುಮಾರು ಕ್ರಿ.ಶ. 750ರದ್ದೆಂದು ಗುರುತಿಸಲಾದ ಹೆಬ್ಬಾಳದ ಕಿತ್ತಯ್ಯನ ಶಾಸನ, ಬೆಂಗಳೂರು ಎಂಬ ಹೆಸರು ಬರುವ ಸುಮಾರು ಕ್ರಿ.ಶ. 890ರ ಬೇಗೂರಿನ ಶಾಸನ, ಎರಡೂ ಈ ಸುತ್ತಿನವೇ.

ಶಾಸನ ಓದುವವರ ಹಳೆಯ ಪದ್ಧತಿ ಪಡಿಯಚ್ಚು ತೆಗೆಯುವುದು. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ ಬ್ರಷ್‌ನಿಂದ ಬಡಿದು, ಮೇಲೆ ಮಸಿ ಒತ್ತುತ್ತಾರೆ. ಅಕ್ಷರದ ಗುಳಿ ಬಿಳಿಯಾಗಿ ಉಳಿಯುತ್ತದೆ. ಸವೆದ ಕಲ್ಲಿನಲ್ಲಿ ಗುಳಿ ಎಷ್ಟು ತೆಳುವಾಗಿರುತ್ತದೆಂದರೆ ಮಸಿ ಅದರೊಳಗೂ ಇಳಿದುಬಿಡುತ್ತದೆ. ಇಂಥ ಕಲ್ಲಿಗೆ ಪಟ್ಟೆ ಪಟ್ಟೆ ಬೆಳಕು ಬಿಟ್ಟು, ಪಟ್ಟೆ ಎಲ್ಲಿ ಬಾಗಿತು ಎಂದು ಕ್ಯಾಮೆರಾದಿಂದ ನೋಡುವ ಸಣ್ಣ ಸ್ಕ್ಯಾನರ್‌ಗಳು ಹೇಳಿ ಮಾಡಿಸಿದಂತಿವೆ. ಅವು ಮಿಲಿಮೀಟರಿಗಿಂತ ಸಣ್ಣ ತಗ್ಗನ್ನೂ ಹಿಡಿಯುತ್ತವೆ. ಆಮೇಲೆ ಕಂಪ್ಯೂಟರಿನಲ್ಲಿ ಕಲ್ಲಿನ ಬಣ್ಣ, ಪಾಚಿ ಮತ್ತು ಸುಣ್ಣದ ಕಲೆ ಎಲ್ಲವನ್ನೂ ತೆಗೆದುಹಾಕಿ ಬರೀ ಆಕಾರ ಉಳಿಸಿಕೊಂಡು, ಬೆಳಕನ್ನು ಬೇಕಾದ ಓರೆಯಿಂದ ಬೀಳಿಸಬಹುದು. ಮಧ್ಯಾಹ್ನದ ಬಿಸಿಲಲ್ಲಿ ಮಾಯವಾಗಿದ್ದ ಒತ್ತಕ್ಷರ ಎದ್ದು ಬರುತ್ತದೆ. ಓದು ಸರಿಯೇ ಎಂದು ಮೈಸೂರಿನಲ್ಲಿ ಕೂತವರೂ ಧಾರವಾಡದಲ್ಲಿ ಕೂತವರೂ ಅದೇ ಕಡತ ತೆರೆದು ವಾದ ಮಾಡಬಹುದು.

ಕಡತ ಎಷ್ಟು ದಿನ ಬದುಕುತ್ತದೆ?

ಗ್ರೀನ್‌ಲಾನ ಮೇಣದ ಕಾಗದದ ನೆಗೆಟಿವ್‌ಗಳಿಂದ ನೂರಿಪ್ಪತ್ತು ವರ್ಷಗಳ ಮೇಲೂ ಹೊಸದಾಗಿ ಚಿತ್ರ ಮುದ್ರಿಸಲು ಸಾಧ್ಯವಾಯಿತು. ಡಿಜಿಟಲ್ ಕಡತಗಳ ಬಗ್ಗೆ ಹಾಗೆ ಮಾತು ಕೊಡುವುದು ಕಷ್ಟ. 1986ರಲ್ಲಿ ಬಿಬಿಸಿ ಬ್ರಿಟನ್ನಿನ ಜನಜೀವನದ ಬೃಹತ್ ದಾಖಲೆಯನ್ನು ಲೇಸರ್ ಡಿಸ್ಕ್‌ಗಳಲ್ಲಿ ತುಂಬಿತು. 1086ರ ಡೂಮ್ಸ್‌ಡೇ ಎಂಬ ಭೂದಾಖಲೆಯ ಒಂಬೈನೂರನೆಯ ವರ್ಷದ ನೆನಪಿಗೆ ಮಾಡಿದ ಕೆಲಸ ಅದು. ಇಪ್ಪತ್ತು ವರ್ಷ ತುಂಬುವ ಮೊದಲೇ ಆ ಡಿಸ್ಕ್ ಓದುವ ಯಂತ್ರಗಳು ಸಿಗದಂತಾಗಿ, ಮಾಹಿತಿ ಹೊರತೆಗೆಯಲು ತಜ್ಞರು ಹೆಣಗಬೇಕಾಯಿತು. ಚರ್ಮದ ಮೇಲೆ ಬರೆದ ಮೂಲ ಡೂಮ್ಸ್‌ಡೇ ಮಾತ್ರ ಇಂದಿಗೂ ಓದಲು ಬರುತ್ತದೆ.

ಸ್ಕ್ಯಾನ್ ಕಡತಗಳು ಬೃಹತ್ ಗಾತ್ರದವು, ಹಲವು ಆಯಾ ಕಂಪನಿಯ ಸಾಫ್ಟ್‌ವೇರ್‌ನಲ್ಲಷ್ಟೇ ತೆರೆಯುವಂಥವು. ಯಾವ ಸಾಫ್ಟ್‌ವೇರ್‌ನಲ್ಲಾದರೂ ತೆರೆಯಬಹುದಾದ ಇ57ನಂಥ ಮುಕ್ತ ರೂಪದಲ್ಲೂ ಒಂದು ಪ್ರತಿ ಇಡಬೇಕು, ಮೂಲ ಫೋಟೊಗಳನ್ನು ಅಳಿಸಬಾರದು, ಯಾರು, ಯಾವಾಗ, ಯಾವ ಯಂತ್ರದಿಂದ ಅಳೆದರು ಎಂಬ ಟಿಪ್ಪಣಿ ಜೊತೆಗಿರಬೇಕು ಎಂದು ಈ ಕ್ಷೇತ್ರದವರು ಪಟ್ಟು ಹಿಡಿಯುವುದು ಅದಕ್ಕೇ. ಉಗಾಂಡದ ಕಸುಬಿ ಸಮಾಧಿಗಳನ್ನು 2009ರಲ್ಲಿ ಸೈಆರ್ಕ್ ಎಂಬ ಸಂಸ್ಥೆ ಸ್ಕ್ಯಾನ್ ಮಾಡಿತ್ತು; 2010ರ ಮಾರ್ಚ್‌ನಲ್ಲಿ ಹುಲ್ಲು ಹೊದಿಕೆಯ ಆ ಕಟ್ಟಡ ಸುಟ್ಟುಹೋಯಿತು. ಕಡತ ತೆರೆಯದಿದ್ದರೆ ಅಂಥ ಮುಂದಾಲೋಚನೆಯೂ ವ್ಯರ್ಥ.

ಊರ ಗುಡಿಗೆ ಮೊಬೈಲ್ ಸಾಕೇ?

2020ರಿಂದ ದುಬಾರಿ ಐಫೋನ್‌ಗಳಲ್ಲಿ ಪುಟ್ಟ ಲೇಸರ್ ಸಂವೇದಕ ಬರುತ್ತಿದೆ. ಅದರ ಎಟುಕು ಸುಮಾರು ಐದು ಮೀಟರ್. ಕೋಣೆಯ ಅಂದಾಜು ಅಳತೆಗೆ ಆದೀತು, ಶಿಲ್ಪದ ಕುಸುರಿಗೆ ಸಾಲದು. ಸಾಧಾರಣ ಮೊಬೈಲ್‌ನ ಕ್ಯಾಮೆರಾದಿಂದಲೇ ಫೋಟೊಗ್ರಾಮೆಟ್ರಿ ಮಾಡಿದರೆ ಇದಕ್ಕಿಂತ ಉತ್ತಮ ವಿವರ ಸಿಗುತ್ತದೆ. 2019ರ ಅಕ್ಟೋಬರ್‌ನಲ್ಲಿ ಜಪಾನಿನ ಶುರಿ ಕೋಟೆಯ ಮುಖ್ಯ ಕಟ್ಟಡ ಸುಟ್ಟಾಗ, ಹಿಂದೆ ಅಲ್ಲಿಗೆ ಹೋಗಿದ್ದವರ ಬಳಿ ಇದ್ದ ಫೋಟೊಗಳನ್ನು ಕೇಳಿ ಪಡೆದು ಮಾದರಿ ಕಟ್ಟಿದರು.

ನಿಮ್ಮೂರಿನ ವೀರಗಲ್ಲೋ, ಹಾಳುಗುಡಿಯೋ ಇದ್ದರೆ ಮೋಡದ ದಿನ ನೋಡಿಕೊಂಡು ಸುತ್ತ ಒಂದೊಂದೇ ಹೆಜ್ಜೆ ಸರಿಯುತ್ತ, ಮೊಣಕಾಲು, ಎದೆ, ತಲೆಯ ಎತ್ತರದಲ್ಲಿ ಮೂರು ಸುತ್ತು ಫೋಟೊ ತೆಗೆಯಿರಿ. ಜೂಮ್ ಬೇಡ, ಫ್ಲ್ಯಾಶ್ ಬೇಡ. ಬುಡದಲ್ಲಿ ಅಡಿಕೋಲು ಮಲಗಿಸಿ. ಅಕ್ಷರ ಚೆನ್ನಾಗಿ ಕಾಣಲೆಂದು ಸೀಮೆಸುಣ್ಣ ಉಜ್ಜುವುದು, ಎಣ್ಣೆ ಹಚ್ಚುವುದು ಬೇಡವೇ ಬೇಡ. ಎರಡೂ ಕಲ್ಲಿಗೆ ಕೆಡುಕು. ರಕ್ಷಿತ ಸ್ಮಾರಕವಾದರೆ ಮೊದಲು ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಊರು, ಸ್ಥಳ, ದಿನಾಂಕ ಬರೆದಿಟ್ಟುಕೊಳ್ಳಿ. ಕೊಡುವಾಗ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಬೇಡಿ: ಚಿತ್ರ ಕುಗ್ಗುತ್ತದೆ, ಲೆನ್ಸ್ ಮತ್ತು ದಿನಾಂಕದ ವಿವರ ಕಳಚಿಹೋಗುತ್ತದೆ, ಆ ವಿವರವಿಲ್ಲದೆ ಸಾಫ್ಟ್‌ವೇರ್‌ಗೆ ಲೆಕ್ಕ ಹಾಕುವುದು ಕಷ್ಟವಾಗುತ್ತದೆ. ಮೂಲ ಫೈಲ್‌ಗಳನ್ನೇ ಪೆನ್‌ಡ್ರೈವ್‌ಗೆ ಹಾಕಿ ಕೊಡಿ.